ಜ್ಞಾನಪಿತನ ಗುಟ್ಟು

ಮೂವತ್ತು ವರ್ಷ ಬೆಳುವಾಯಿ ಕಡೆಯ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಇಗರ್ಜಿಯಲ್ಲಿ ಮಾತ್ರ ಒಂದೂ ಪ್ರಶ್ನೆ ಕೇಳಿದವನಲ್ಲ. ಎಲ್ಲರೂ ಮೊಣಕಾಲೂರಿದಾಗ ಊರಿದೆ, ಎದ್ದಾಗ ಎದ್ದೆ. ಮಂಡಿನೋವು ಶುರುವಾದ ಮೇಲೆ ಏಳುವುದು ಸ್ವಲ್ಪ ತಡವಾಯಿತು, ಅಷ್ಟೆ. ಇಂಥವನಿಗೆ ಎರಡು ವರ್ಷದ ಹಿಂದೆ ಹೆಂಡತಿ ಲಿಲ್ಲಿ ತೀರಿಕೊಂಡ ಮೇಲೆ ಸಂಶಯ ಹತ್ತಿತು. ಮೇಲೆ ಯಾರಾದರೂ ಇದ್ದಾರೋ, ಅಲ್ಲ ನಾವೇ ಸುಮ್ಮನೆ ಮಾಡಿನ ಹಂಚಿನೊಡನೆ ಮಾತಾಡುತ್ತಿದ್ದೇವೋ?

ಈ ಸಂಶಯವನ್ನು ಯಾರಿಗೂ ತೊಂದರೆಯಾಗದ ಹಾಗೆ ಸಾಕಿಕೊಂಡಿದ್ದೆ. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ನಮ್ಮಲ್ಲಿ ಚೊಚ್ಚಲ ಮಗುವಿನ ಜ್ಞಾನಸ್ನಾನಕ್ಕೆ ಅಪ್ಪನ ಅಪ್ಪನೇ ಜ್ಞಾನಪಿತನಾಗಿ ನಿಂತು, ಗುರುಗಳ ಪ್ರಶ್ನೆಗಳಿಗೆ ಎಲ್ಲರೆದುರು ಉತ್ತರ ಹೇಳುವುದು ವಾಡಿಕೆ. ಸೈತಾನನನ್ನು ತ್ಯಜಿಸುವುದೇನೋ ಸುಲಭ. ಎಂಟನೇ 'ಬಿ' ತರಗತಿಗೆ ಪಾಠ ಮಾಡಿದವನಿಗೆ ಅವನ ಪರಿಚಯ ಚೆನ್ನಾಗಿಯೇ ಇದೆ. ಆದರೆ 'ದೇವರಲ್ಲಿ ವಿಶ್ವಾಸವಿದೆಯೇ?' ಎಂದರೆ? ಆ ಕೂಸಿನ ಹಣೆಗೆ ನೀರು ಬೀಳುವ ಹೊತ್ತಿನಲ್ಲಿ ನಾನು ಸುಳ್ಳು ಹೇಳುವುದೇ?

ಯೇಸುವಿನ ಶಿಷ್ಯರಲ್ಲಿ, ಗುರು ಸತ್ತು ಎದ್ದು ಬಂದದ್ದನ್ನು ಶಿಲುಬೆಯ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದು ಹಟ ಹಿಡಿದವನೊಬ್ಬನಿದ್ದ. ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದವನೂ ಅವನೇ ಅನ್ನುತ್ತಾರೆ. ಇದನ್ನು ನೆನೆದು ಸ್ವಲ್ಪ ಸಮಾಧಾನ ತಂದುಕೊಂಡು, ಜ್ಞಾನಸ್ನಾನದ ಮುನ್ನಾದಿನ, ಶನಿವಾರ ಸಂಜೆ, ನಮ್ಮ ಇಗರ್ಜಿಗೆ ಪಾಪನಿವೇದನೆಗೆ ಹೋದೆ. ಬಾಯಿ ತೆರೆದದ್ದಷ್ಟೇ, ಜಾಲರಿಯ ಆಚೆಯಿಂದ ಗುರುಗಳ ದನಿ ಬಂತು:

"ಸರ್, ನೀವಾ?"

ಹೊಸದಾಗಿ ಬಂದ ಗುರುಗಳು ನನ್ನ ಹಳೆಯ ವಿದ್ಯಾರ್ಥಿ ರೋಶನ್! ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾನೆಂದು ನಾನೇ ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ. ಈಗ ಅವನು ಹಾಯಾಗಿ ಕೂತಿದ್ದ, ನಾನು ಮೊಣಕಾಲಲ್ಲಿದ್ದೆ.

"ನಂಬಿಕೆ ಹೋಗಿದೆ ಮಾರಾಯ," ಎಂದವನು ನಾಲಿಗೆ ಕಚ್ಚಿಕೊಂಡು, "ಫಾದರ್," ಎಂದು ಸೇರಿಸಿದೆ.

"ಮನೆಯಲ್ಲಿ ಸಂಜೆಯ ಜಪಸರ ಉಂಟಾ ಸರ್?"

"ಉಂಟು. ಅಭ್ಯಾಸ, ಬಿಡ್ಲಿಕ್ಕೆ ಆಗುದಿಲ್ಲ. ಸೊಸೆ ಹೆರಿಗೆಗೆ ಕಕ್ಕಿಂಜೆಯ ತವರಿಗೆ ಹೋಗಿದ್ದಾಳೆ, ಮಗನೂ ಸಂಜೆ ಕೆಲಸ ಮುಗಿಸಿ ಅಲ್ಲಿಗೇ ಹೋಗ್ತಾನೆ. ಈಗ ನಾನೊಬ್ಬನೇ."

ಮಣಿ ಎಣಿಸುತ್ತ ಹೇಳುವ ಜಪಸರದ ಪ್ರತಿ ಪ್ರಾರ್ಥನೆಯಲ್ಲೂ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಮಿಕ್ಕವರದು. ರೋಶನ್ ಬಿಡಲಿಲ್ಲ, ಹಳೆಯ ಚಾಳಿ.

"ಹಾಗಾದ್ರೆ ಎರಡೂ ಅರ್ಧ ನೀವೇ ಹೇಳ್ತೀರಾ?"

"ಇಲ್ಲ. ನನ್ನದು ಹೇಳಿ ನಿಲ್ಲಿಸ್ತೇನೆ. ಲಿಲ್ಲಿಯದ್ದು ಮುಗಿಯುವಷ್ಟು ಹೊತ್ತು ಬಿಟ್ಟು ಮುಂದಿನದಕ್ಕೆ ಹೋಗ್ತೇನೆ. ಅವಳದ್ದು ಸ್ವಲ್ಪ ನಿಧಾನ ಅಲ್ವಾ."

ರೋಶನ್ ಜಾಲರಿಯ ಹತ್ತಿರಕ್ಕೆ ಬಾಗಿ ಕೇಳಿದ:

"ಮೇಲೆ ಯಾರೂ ಇಲ್ಲ ಅಂತಾದ್ರೆ, ಯಾರಿಗೆ ಕಾಯ್ತಾ ಇದ್ದೀರಿ ಸರ್?"

ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಮರುದಿನ ಕಕ್ಕಿಂಜೆಯ ಇಗರ್ಜಿಯಲ್ಲಿ ಅಲ್ಲಿನ ಗುರುಗಳು ವಿಶ್ವಾಸವಿದೆಯೇ ಎಂದು ಕೇಳಿದಾಗ 'ಇದೆ' ಅಂದೆ. ಮೈಕು ಬೇಡವೆನ್ನುವಷ್ಟು ಜೋರಾಗಿ ಅಂದೆನಂತೆ, ಮಗು ಬೆಚ್ಚಿ ಕಿರುಚಿಕೊಂಡಿತು. ಸಂಶಯ ಪೂರ್ತಿ ಹೋಯಿತೇ ಎಂದು ನೀವು ಮಾತ್ರ ಕೇಳಬೇಡಿ. ಆಗಾಗ ಬರುತ್ತದೆ, ಬರಲಿ. ಸಂಜೆ ಪ್ರಾರ್ಥನೆಯ ಹೊತ್ತಿಗೆ ಬಂದರೆ ಅದಕ್ಕೂ ಒಂದು ಚಾಪೆ ಹಾಸುತ್ತೇನೆ. ನಡುವೆ ಬಾಯಿ ಹಾಕಬಾರದು, ಅಷ್ಟೆ, ಉಳಿದರ್ಧ ಲಿಲ್ಲಿಯದು.