ಸಮರ ಎಂದು ಬರೆದೆ

ಕೇರಳದ ಗಡಿಯಲ್ಲಿರುವ ನಮ್ಮ ಮರಕ್ಕಡವಿನ ವಾಚನಾಲಯದಲ್ಲಿ ಅಂದು ಟಿವಿಗಿಂತ ಜೋರಾಗಿ ಮಾತಾಡುತ್ತಿದ್ದವರು ಚಿಕ್ಕಪ್ಪ ಮತ್ತು ಊರೆಲ್ಲ ಮಾಷ್ ಎನ್ನುವ ನಿವೃತ್ತ ಮೇಷ್ಟ್ರು. ಪಕ್ಕದ ದೇಶವೊಂದರಲ್ಲಿ ಸೈನ್ಯ ಅಧಿಕಾರ ಹಿಡಿದಿತ್ತು. ಪ್ರಜಾಪ್ರಭುತ್ವ ಬೇಕೆಂದವರನ್ನೆಲ್ಲ ಭಯೋತ್ಪಾದಕರು ಎನ್ನುತ್ತಿತ್ತು. ನಮ್ಮ ಸರ್ಕಾರ ಯಾರ ಪರ ನಿಲ್ಲಬೇಕು ಎಂಬುದು ಚರ್ಚೆ.

"ಗಡಿ ತಣ್ಣಗಿರ್ಬೇಕಾದ್ರೆ ಸೈನ್ಯದ ಜೊತೆ ಚೆನ್ನಾಗಿರ್ಬೇಕು," ಎಂದರು ಚಿಕ್ಕಪ್ಪ.

"ಹಂಗಾದ್ರೆ ನಿನ್ನ ಶುಂಠಿ ಶೆಡ್ಡಲ್ಲಿರೋನು ಯಾರಪ್ಪಾ? ಸೈನ್ಯ ಹೇಳೋ ಭೀಕರವಾದಿನಾ?" ಮಾಷ್ ಕೆಣಕಿದರು.

"ಅವನಾ? ಇಲಿ ಕಂಡ್ರೆ ಹೊರಗೋಡ್ತಾನೆ ಮಾಷೆ."

ಎಲ್ಲರೂ ನಕ್ಕೆವು. ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಶುಂಠಿ ಕೀಳುವ ಕಾಲವದು, ಮಳೆ ಇರಲಾರದು. ಆಮೇಲಿನ ದುಃಖಕ್ಕೆ ಹೊಂದುವ ಹವೆಯನ್ನು ನಾನೇ ಸೇರಿಸಿಕೊಂಡಿರಬೇಕು.

ಕಬಿನಿಯ ಆಚೆ ದಡ ಕರ್ನಾಟಕ. ಅಲ್ಲಿ ಚಿಕ್ಕಪ್ಪ ಗುತ್ತಿಗೆಗೆ ಹಿಡಿದ ಹೊಲದಲ್ಲಿ, ಆ ದೇಶದಿಂದ ಓಡಿಬಂದವನೊಬ್ಬ ಕೆಲಸಕ್ಕಿದ್ದ. ತನ್ನೂರಲ್ಲಿ ಮೇಷ್ಟ್ರಾಗಿದ್ದವನು. ಮೊದಲು ಕೇರಳದಲ್ಲಿ ದುಡಿದದ್ದರಿಂದ ಮಲಯಾಳ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಆಚೆ ದಡದ ಠಾಣೆಯವರು ಅವನ ಹೇಳಿಕೆಯನ್ನು ಕನ್ನಡದಲ್ಲಿ ಕೇಳಿದರು. ಅದು ಒಪ್ಪಿಗೆಯಾದರೆ ಸದ್ಯಕ್ಕೆ ಇಲ್ಲಿರಬಹುದು. ಇಲ್ಲವಾದರೆ ಅದೇ ಸೈನ್ಯದ ಕೈಗೆ. ಬರೆದುಕೊಡಲು ನಾನಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ ಕಲಿತವಳು. ಎರಡೂ ಗೊತ್ತೆಂಬ ಜಂಬ ಬೇರೆ.

"ಸಮರಂ ಚೆಯ್ದು," ಎಂದ ಅವನು ಮಲಯಾಳದಲ್ಲಿ, ಸಮರ ಮಾಡಿದೆ ಎಂದು. ಶಾಲೆಯ ಮುಂದೆ ತಿಂಗಳುಗಟ್ಟಲೆ ಬೋರ್ಡು ಹಿಡಿದು ಕೂತಿದ್ದನಂತೆ. ನಮ್ಮ ಕಡೆ ಬಸ್ಸಿನವರು ಬಸ್ ನಿಲ್ಲಿಸಿದರೂ ಸಮರ, ಯಾರಾದರೂ ಉಪವಾಸ ಕೂತರೂ ಸಮರ. 'ಸೈನ್ಯದ ವಿರುದ್ಧ ಸಮರ ನಡೆಸಿದ್ದೇನೆ' ಎಂದು ಬರೆದೆ. ಓದಿ ಹೇಳಿದಾಗ ಅವನಿಗೆ ಅರ್ಥವಾದದ್ದು ಬಹುಶಃ ಆ ಒಂದೇ ಪದ. ತಲೆಯಾಡಿಸಿ ಸಹಿ ಹಾಕಿದ.

ವಾರದ ನಂತರ ಠಾಣೆಯಿಂದ ನನಗೆ ಕರೆ ಬಂತು. ಚಿಕ್ಕಪ್ಪನ ಜೊತೆ ಹೊಳೆ ದಾಟಿ ಹೋದೆ.

"ಎಷ್ಟು ಜನ ಸತ್ರು ಮೇಡಂ, ಇವನ ಯುದ್ಧದಲ್ಲಿ?" ಎಸ್.ಐ. ಕೇಳಿದರು.

"ಯುದ್ಧ ಎಲ್ಲಿ ಸಾರ್? ಸಮರ."

"ಅದನ್ನೇ ನಾನೂ ಕೇಳ್ತಿರೋದು."

ಆಗ ಹೊಳೆಯಿತು. ನಮ್ಮ ಕಡೆ ಸಮರವೆಂದರೆ ಏನೆಂದು ವಿವರಿಸಿದೆ. ಅವರು ನಕ್ಕರು, ಕೆಟ್ಟ ಮನುಷ್ಯರಲ್ಲ. ಅಲ್ಲೇ ಕೂತು 'ಪ್ರತಿಭಟನೆ' ಎಂದು ತಿದ್ದಿ ಇನ್ನೊಂದು ಬರೆದೆ. ಆದರೆ ಮೊದಲನೆಯದು ಆಗಲೇ ಮೇಲಿನವರಿಗೆ ಹೋಗಿತ್ತು. ಬೆಳಿಗ್ಗೆಯೇ ಅವನನ್ನು ಜೀಪು ಹತ್ತಿಸಿದ್ದರು.

"ಇದ್ರಲ್ಲಿ ಅವನ ಸಹಿ ಇಲ್ವಲ್ಲ ಮೇಡಂ."

"ಎಲ್ಲಿದ್ದಾನೆ ಹೇಳಿ, ಹಾಕಿಸ್ಕೊಂಡು ಬರ್ತೀನಿ."

"ಅದನ್ನ ನಮಗೂ ಹೇಳಿಲ್ಲ."

ದೋಣಿಯಲ್ಲಿ ಮರಳುವಾಗ ಚಿಕ್ಕಪ್ಪ ನೀರು ನೋಡುತ್ತಾ ಅಂದರು, "ನೀ ಏನ್ ಬರ್ದಿದ್ರೂ ಕರ್ಕೊಂಡು ಹೋಗ್ತಿದ್ರು ಮಗಾ." ಇರಬಹುದು. ಭಯೋತ್ಪಾದಕನೆಂದರೆ ಯಾರೆಂಬುದು ದೆಹಲಿಯಲ್ಲಿ ಮೊದಲೇ ತೀರ್ಮಾನವಾಗಿತ್ತೇನೋ. ನನ್ನದೊಂದು ಪದಕ್ಕೆ ಅಷ್ಟು ಶಕ್ತಿ ಇತ್ತೆಂದು ನಂಬುವುದು ಕೂಡ ಅಹಂಕಾರ. ಇರಲಿಲ್ಲವೆಂದು ನಂಬುವುದು ಅನುಕೂಲ. ದಿನಕ್ಕೊಂದನ್ನು ನಂಬುತ್ತೇನೆ.

ಈಗಲೂ ಆಗಾಗ ಹೊಳೆ ದಾಟಿ ಠಾಣೆಗೆ ಹೋಗುತ್ತೇನೆ. ಎಸ್.ಐ. ಬದಲಾಗಿದ್ದಾರೆ. ಯಾರವನು, ಏನು ಮಾಡಿದ್ದ ಎಂದು ಕೇಳುತ್ತಾರೆ. ನಾನು ಒಂದೊಂದೇ ಪದ ಆರಿಸಿ ಹೇಳತೊಡಗುತ್ತೇನೆ. ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಅವರಿಗೆ ಫೋನ್ ಬರುತ್ತದೆ.