ನಮ್ಮ ಮನೆಯಲ್ಲಿದ್ದ ವಾಲ್ವಿನ ಕೀ

ಆ ಬೆಳಿಗ್ಗೆ ಅಣ್ಣ ಜಗಲಿಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದ. ಅರ್ಧಕ್ಕೇ ತಟ್ಟೆ ಸರಿಸಿ ಎದೆ ನೀವಿಕೊಂಡ. ಅಷ್ಟರಲ್ಲಿ ಕೆಳಗಿನ ಊರಿನಿಂದ ಫೋನು ಬಂತು.

“ಅಣ್ಣೋ, ನಮ್ ಕೆರೆಗೆ ಯಾವಾಗ್ ನೀರು? ಕೀನ ತಲೆದಿಂಬು ಮಾಡ್ಕಂಡು ಮನೀಕಂಡಿದ್ದೀಯಾ ಎಂಗೆ?”

“ಇಲ್ಲ ಕಣ್ಲಾ, ನಿಮ್ಮತ್ತಿಗೆ ಅದ್ರಲ್ಲೇ ಮುದ್ದೆ ತೊಳಸ್ತಾವ್ಳೆ. ಬತ್ತೀನಿ ಇರು,” ಎಂದು ಅಣ್ಣ ನಕ್ಕ.

ಅತ್ತಿಗೆ ಒಳಗಿನಿಂದ, “ಎದೆ ಉರೀತದೆ ಅಂತಿದ್ರಿ. ಕೀನ ಯಾರಿಗಾದ್ರೂ ಕೊಟ್ಟು ಪ್ಯಾಟೆ ಆಸ್ಪತ್ರೆಗೆ ಓಗ್ಬನ್ನಿ,” ಎಂದರು.

“ನಾಳೆ ಓದ್ರಾಯ್ತು ಬುಡು. ಕೀ ಮನೆ ಬುಟ್ಟೋದ್ರೆ ಕೊಟ್ಟ ಮಾತು ತಪ್ಪಿದಂಗೆ.”

ಶೀಳನೆರೆ ಕಡೆಯ ನಾಲ್ಕು ಊರಿನ ಕೆರೆಗಳಿಗೆ ನಾಲೆಯಿಂದ ಪೈಪಿನಲ್ಲಿ ನೀರು ತುಂಬಿಸುವ ಯೋಜನೆ ಅದು. ಮೋಟಾರು, ಇಂಜಿನಿಯರುಗಳು, ನೀರು ಬಳಕೆದಾರರ ಸಂಘ ಎಲ್ಲವೂ ಇದ್ದವು. ಮೊದಲ ವರ್ಷ ಕದ್ದು ವಾಲ್ವು ತಿರುಗಿಸುವವರು ಹೆಚ್ಚಾಗಿ ಊರೂರಿಗೆ ಜಗಳವಾಯಿತು. ಆಗ ಹಿರಿಯರು ಸೇರಿ ಕೀಯನ್ನು ಒಂದೇ ಮನೆಗೆ ಒಪ್ಪಿಸಿದರು. ಅಣ್ಣ ಪಕ್ಷಪಾತ ಮಾಡುವವನಲ್ಲ ಎಂಬುದೇ ಕಾರಣ. ಎದೆಯುದ್ದದ ಆ ಕಬ್ಬಿಣದ ಕೀ ನಮ್ಮ ನಡುಮನೆಯ ಗೋಡೆಗೆ ಒರಗಿ ನಿಂತಿತು. ನೆಂಟರು ಬಂದರೆ ತೋರಿಸುತ್ತಿದ್ದೆವು. ಸಂಘ ನಂಬಿಕಸ್ತ ಎಂದು ಎಲ್ಲರೂ ಹೊಗಳುತ್ತಿದ್ದರು. ನಿಜಕ್ಕೂ ನಂಬಿಕಸ್ತನಾಗಿದ್ದವನು ಅಣ್ಣನೊಬ್ಬನೇ. ಜ್ವರವಿದ್ದರೂ, ಮದುವೆ ಊಟದ ಎಲೆಯ ಮುಂದೆ ಕೂತಿದ್ದರೂ ಎದ್ದು ಹೋಗುತ್ತಿದ್ದ.

ಅವತ್ತು ಕೆಳಗಿನ ಊರಿಗೆ ನೀರು ಬಿಟ್ಟು ಬಂದ. ಮಾರನೆಯ ಬೆಳಿಗ್ಗೆ, ಆ ನೀರು ನಿಲ್ಲಿಸಿ ಬಂದು ಆಸ್ಪತ್ರೆಗೆ ಹೊರಡುತ್ತೇನೆಂದು ಹೋದವನು ಕೆರೆ ಏರಿಯ ಮೇಲೆ ಬಿದ್ದಿದ್ದ. ಹೃದಯ ನಿಂತಿತ್ತು.

ತಿಥಿ ಮುಗಿಯುವ ಮೊದಲೇ ಯಾರೋ ಕೀ ಒಯ್ದು ವಾಲ್ವು ಮುಚ್ಚಿದರು, ನೀರಿನ ಒತ್ತಡಕ್ಕೆ ಪೈಪು ಒಡೆಯಿತು. ಮುಂದಿನ ಊರಿನ ವಾಲ್ವು ತೆರೆಯದೆ ಈ ಊರಿನದನ್ನು ಮುಚ್ಚಬಾರದೆಂದು ಯಾರಿಗೂ ಗೊತ್ತಿರಲಿಲ್ಲ. ಕಲಿಯಬೇಕೆಂದೂ ಯಾರಿಗೂ ಅನ್ನಿಸಿರಲಿಲ್ಲ, ಒಂದೇ ಸೂರಿನಡಿ ಇದ್ದ ನನಗೂ. ಸಂಘದವರು ಸಭೆ ಸೇರಿ ಇನ್ನೂ ಮೂರು ಕೀ ಮಾಡಿಸಿದರು. ವೆಲ್ಡಿಂಗ್ ಅಂಗಡಿಯವನಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಪಕ್ಕದಲ್ಲಿ ನಿಂತಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಈಗ ಊರಿಗಿಬ್ಬರು. ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಇನ್ನೊಬ್ಬ ಹೋಗುತ್ತಾನೆ. ನಮ್ಮೂರಿಗೆ ನಾನೂ ಒಬ್ಬ. “ನೀನ್ ಮೊದ್ಲು ತೆಗಿ, ಆಮೇಕೆ ನಾನ್ ಕಟ್ತೀನಿ,” ಎಂದು ಫೋನಿನಲ್ಲಿ ಹೇಳಿ, ಅತ್ತಲಿಂದ ಉತ್ತರ ಬಂದ ಮೇಲೆಯೇ ಕೀ ತಿರುಗಿಸುತ್ತೇನೆ.

“ಈಗ ಒಂದ್ ದಿನಾನೂ ತಪ್ಪಲ್ಲ ಕಣಪ್ಪ,” ಎಂದು ಅವತ್ತು ಫೋನು ಮಾಡಿದ್ದ ಕೆಳಗಿನ ಊರಿನವನು ಮೊನ್ನೆ ಖುಷಿಯಿಂದಲೇ ಹೇಳಿದ. ಆಮೇಲೆ ನನ್ನ ಮುಖ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ.

ನಾಲ್ಕು ಕೆರೆಯೂ ತುಂಬಿವೆ. ಅತ್ತಿಗೆ ಒಂದು ಮುದ್ದೆ ಕಡಿಮೆ ಕಟ್ಟುತ್ತಾರೆ. ಅಣ್ಣ ಇಲ್ಲ.