ಗೋಡೆಯಾಚೆಯ ಮಿನಾರು

ಅಬ್ಬಾ ತುಮಕೂರಿನ ಹಳೇ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಅಂಗಡಿಯ ಮುಂದೆ ಯಾರ ಜನಾಜಾ ಬಂದರೂ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಎದ್ದುಹೋಗಿ, ಶವವಿದ್ದ ಮಂಚಕ್ಕೆ ಹತ್ತು ಹೆಜ್ಜೆ ಹೆಗಲು ಕೊಟ್ಟು ಬರುತ್ತಿದ್ದರು. ಸತ್ತವರು ಯಾರೆಂದು ಕೇಳುತ್ತಿರಲಿಲ್ಲ. ಅಲ್ಲಿ ಯಾವ ಓಣಿ ಹಿಡಿದರೂ ಅದು ಇನ್ನೊಂದಕ್ಕೆ ಸೇರಿ ಕೊನೆಗೆ ಖಬರಸ್ತಾನದ ಬಾಗಿಲು ಮುಟ್ಟುತ್ತಿತ್ತು.

"ನನ್ನೂ ಹಿಂಗೇ ಹೊತ್ಕೊಂಡ್ ಹೋಗಿ. ಗಾಡಿ ಮಾತ್ರ ಬೇಡ" ಎನ್ನುತ್ತಿದ್ದರು.

ಗುಬ್ಬಿ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ಸೈಟು ನೋಡಲು ಹೋದಾಗ ಪಕ್ಕದ ಮನೆಯ ತಾರಸಿ ಹತ್ತಿದೆವು. ನಮ್ಮ ಹಳೇ ಮಸೀದಿಯ ಮಿನಾರು ಕಾಣಿಸಿತು. ಮಿನಾರು ಕಂಡರೆ ಹತ್ತಿರ ಎನ್ನುವುದು ಓಣಿಯಲ್ಲಿ ಬೆಳೆದವರ ಅಂದಾಜು. ಅಬ್ಬಾ ಒಪ್ಪಿದರು. ದಾರಿಯನ್ನು ನಾನು ನಡೆದು ನೋಡಲಿಲ್ಲ.

"ಈ ಕ್ರಾಸು ಮುಂದಿನ ಲೇಔಟಿಗೆ ಸೇರ್ತದೆ ಸಾರ್, ಯೋಚ್ನೆ ಬುಡಿ" ಎಂದಿದ್ದ ಬ್ರೋಕರು. ಸೇರಲಿಲ್ಲ. ನಾವು ಮನೆ ಕಟ್ಟಿ ಬಂದ ಮೇಲೆ ಆ ಲೇಔಟಿನವರು ನಮ್ಮ ಕ್ರಾಸಿನ ಕೊನೆಗೆ ಗೋಡೆ ಎತ್ತಿದರು. ಪೇಟೆಗೆ ಹೋಗಲು ಹೆದ್ದಾರಿಗೆ ಇಳಿದು ಸುತ್ತಬೇಕಾಯಿತು. ಅಬ್ಬಾ ಸಂಜೆ ಆ ಗೋಡೆಯವರೆಗೆ ನಡೆದು ವಾಪಸು ಬರುತ್ತಿದ್ದರು.

ಅವರು ತೀರಿಕೊಂಡ ಬೆಳಿಗ್ಗೆ ಕುಣಿಗಲ್ಲಿನಿಂದ ಬಂದ ನನ್ನ ಸೋದರಮಾವ ಗೋಡೆಯ ಆಚೆ ಸಿಕ್ಕಿಕೊಂಡು ಕೂಗಿದರು.

"ನಿಮ್ಮನೆ ಟ್ಯಾಂಕ್ ಕಾಣ್ತೈತೆ ಕಣೋ! ದಾರಿ ಎಲ್ಲಿ ಮಡ್ಗಿದೀರಾ?"

"ದಾರಿ ಇಲ್ಲ ಮಾಮು. ಸುತ್ಕೊಂಡ್ ಬನ್ನಿ."

"ಮತ್ತೆ ಭಾವನ್ನ ಹೆಂಗೋ ಹೊರೋದು?"

"ಗಾಡಿಗೆ ಹೇಳಿದೀನಿ" ಎಂದೆ. ಗೋಡೆಗೆ ಹೇಳಿದ್ದರಿಂದಲೋ ಏನೋ, ಹೇಳಲು ಆಯಿತು.

ಗಾಡಿ ಹೆದ್ದಾರಿ ಸುತ್ತಿಕೊಂಡು ಹೊರಟಿತು. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಹಳೇ ಓಣಿಯ ಬಾಯಿ ಬಂದಾಗ ಮಾಮು ಗಾಡಿಯ ತಗಡು ಬಡಿದರು. "ನಿಲ್ಸಪ್ಪಾ. ಇಲ್ಲಿಂದ ನಾವ್ ಹೊರ್ತೀವಿ."

ಇಳಿಸಿ ಎತ್ತಿಕೊಂಡೆವು. ಪಂಕ್ಚರ್ ಅಂಗಡಿಯವರು ಕೈ ಒರೆಸಿಕೊಂಡು ಬಂದರು. ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಬಂದರು. ಅಬ್ಬಾರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುವವರಿದ್ದಾರೆ, ಅವರೂ ಬಂದರು. ಸತ್ತವರು ಯಾರೆಂದು ಒಬ್ಬರೂ ಕೇಳಲಿಲ್ಲ. ಹೆಗಲಿನಿಂದ ಹೆಗಲಿಗೆ ಅಬ್ಬಾ ಮುಂದೆ ಸಾಗಿದರು, ನಾನು ಹಿಂದೆ ಉಳಿದೆ. ಮಿಕ್ಕಿದ್ದ ದಾರಿಯೇ ಚಿಕ್ಕದು. ನನಗೆ ಸಿಕ್ಕಿದ್ದು ಹತ್ತು ಹೆಜ್ಜೆ, ಅವರು ಗುರುತಿಲ್ಲದವರಿಗೆ ಕೊಡುತ್ತಿದ್ದಷ್ಟೇ.